ರೋಗಿಯು ಆರೋಗ್ಯವಂತನಾಗಿರತಕ್ಕದ್ದು

ನೋಂದಣಿ ಕಚೇರಿಯ ಕಿಟಕಿಯನ್ನು ಒಳಗೆ ಕುಳಿತವರ ಎತ್ತರಕ್ಕೆ ಕೊರೆದಿದ್ದರು. ಹೊರಗೆ ನಿಂತವರು ಸೊಂಟ ಬಗ್ಗಿಸದೆ ಅದರೊಳಗೆ ಮಾತನಾಡುವಂತಿರಲಿಲ್ಲ. ಬಗ್ಗಿದವರ ಧ್ವನಿಯಲ್ಲಿ ವಿನಯವು ತಾನಾಗಿಯೇ ಹುಟ್ಟುತ್ತದೆಂಬ ಸೂಕ್ಷ್ಮವನ್ನು ಯಾವನೋ ಪುಣ್ಯಾತ್ಮನಾದ ಬಡಗಿ ಬಹುಕಾಲದ ಹಿಂದೆಯೇ ಅರಿತಿದ್ದಿರಬೇಕು.

ಶುಶ್ರೂಷಾ ಸಹಾಯಕರ ಅರ್ಹತಾ ಪರೀಕ್ಷೆಗೆ ಹೆಸರು ಬರೆಸಲು ಬಂದಿದ್ದ ಸೊಸೆಯೂ ಬಗ್ಗಿದಳು. ವೃದ್ಧರ ವಾರ್ಡಿನಲ್ಲಿ ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಉಣ್ಣಿಸುವುದು, ಗಾಲಿಕುರ್ಚಿಯಲ್ಲಿ ಕೂರಿಸಿ ಬಿಸಿಲಿಗೆ ಒಯ್ಯುವುದು ಅವಳ ಕೆಲಸ. ಅದನ್ನು ವರ್ಷಗಳಿಂದ ಮಾಡಿಕೊಂಡು ಬಂದಿದ್ದಳು. ಈಗ ಹೊಸ ನಿಯಮ ಹೊರಟಿತ್ತು: ಪ್ರಮಾಣಪತ್ರವಿಲ್ಲದವರು ಇನ್ನು ಮುಂದೆ ವಾರ್ಡಿನೊಳಗೆ ಕಾಲಿಡಕೂಡದು. ವಾರ್ಡಿಗೆ ಕಾಲಿಡದಿದ್ದರೆ ಅವಳು ಮನೆಯಲ್ಲಿರಬೇಕು. ಮನೆಯಲ್ಲಿ ಮಾವನವರಿದ್ದರು. ಪರೀಕ್ಷೆಯನ್ನು ಗೆದ್ದೇ ತೀರಬೇಕೆಂಬ ಅವಳ ಸಂಕಲ್ಪಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ.

"ಫೋಟೋದಲ್ಲಿ ಎರಡು ಕಿವೀನೂ ಕಾಣ್ಬೇಕು. ಇಲ್ಲಿ ಒಂದೇ ಇದೆ," ಎಂದನು ಗುಮಾಸ್ತ.

"ಎರಡೂ ಇವೆ ಸಾರ್, ನೋಡಿ," ಎಂದು ಅವಳು ಕೂದಲು ಸರಿಸಿ ತಲೆ ತಿರುಗಿಸಿದಳು.

"ನನಗೆ ತೋರಿಸಿ ಏನಮ್ಮ ಪ್ರಯೋಜನ? ಫೈಲಿಗೆ ತೋರಿಸ್ಬೇಕು. ಹೋಗ್ಲಿ, ಆಮೇಲೆ ತಂದ್ಕೊಡಿ. ರೋಗಿ ಯಾರು?"

"ಯಾವ ರೋಗಿ?"

"ಪ್ರಾಯೋಗಿಕ ಪರೀಕ್ಷೆಗೆ ರೋಗಿನ ನೀವೇ ತರ್ಬೇಕು. ಹಾಸಿಗೆ ನಮ್ದು, ರೋಗಿ ನಿಮ್ದು. ಮತ್ತೆ, ರೋಗಿಗೆ ಯಾವ ಕಾಯಿಲೆನೂ ಇಲ್ಲ ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ."

"ಕಾಯಿಲೆನೇ ಇಲ್ದಿದ್ರೆ ರೋಗಿ ಹೇಗಾಗ್ತಾರೆ ಸಾರ್?"

ಗುಮಾಸ್ತನು ಮೊದಲ ಬಾರಿಗೆ ತಲೆಯೆತ್ತಿದನು. ಇಂಥ ನಾಸ್ತಿಕ ಪ್ರಶ್ನೆಯನ್ನು ಅವನು ಅನೇಕರ ಬಾಯಲ್ಲಿ ಕೇಳಿದ್ದನೆಂಬುದು ಅವನ ಮುಖದ ಬಳಲಿಕೆಯಿಂದ ತಿಳಿಯುತ್ತಿತ್ತು. "ಕಾಯಿಲೆಯೋರನ್ನ ಕರ್ಕೊಂಡು ಬಂದು, ಇಲ್ಲಿ ಹೆಚ್ಚುಕಡಿಮೆ ಆದ್ರೆ ನೀವು ಪಾಸೋ ಫೇಲೋ ಅಂತ ನಾನು ಯಾರನ್ನ ಕೇಳ್ಲಿ? ಗೋಡೆ ಮೇಲೆ ಬರೆದಿದೆ, ಓದ್ಕೊಳ್ಳಿ."

ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ರೋಗಿಯು ಆರೋಗ್ಯವಂತನಾಗಿರತಕ್ಕದ್ದು.

ಸೊಸೆಯ ಮನಸ್ಸಿನಲ್ಲಿದ್ದ ರೋಗಿಯೆಂದರೆ ಪಕ್ಕದ ಮನೆಯ ದರ್ಜಿ ಹೆಂಗಸು. ತೆಳ್ಳಗಿನ ಮೈ, ಮಿತವಾದ ಮಾತು, ಹಾಸಿಗೆ ಕಂಡೊಡನೆ ಕಣ್ಣು ಮುಚ್ಚಿಕೊಳ್ಳುವಷ್ಟು ದಣಿವು. ಪರೀಕ್ಷೆಗೆ ಅವಳಿಗಿಂತ ಯೋಗ್ಯಳು ಸಿಕ್ಕುವಂತಿರಲಿಲ್ಲ. ಆದರೆ ಊಟದ ಹೊತ್ತಿಗೆ ಈ ವಿಷಯವನ್ನು ಗಂಡನಿಗೆ ಹೇಳುತ್ತಿದ್ದಾಗ ಅದು ಮಾವನವರ ಕಿವಿಗೆ ಬಿತ್ತು.

ಮಾವನವರು ಗಿರಣಿಯೊಂದರ ಉಗ್ರಾಣಾಧಿಕಾರಿಯಾಗಿದ್ದವರು. ಚೀಟಿಯಿಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಡದ ಮಹಾನುಭಾವರು. ನಿವೃತ್ತರಾದ ಮೇಲೆ ತಡೆಹಿಡಿಯಲು ಮೊಳೆಗಳಿಲ್ಲದ್ದರಿಂದ ರೋಗಗಳನ್ನು ಹಿಡಿದರು. ಅವರ ರೋಗಗಳು ಶಾಸ್ತ್ರೋಕ್ತವಾಗಿ ಮೂರು ಬಗೆ. ಮಂಡಿನೋವು ನಿತ್ಯ, ಬೆಳಗ್ಗೆ ಎದ್ದೊಡನೆ ಅದನ್ನು ಆಚರಿಸದಿದ್ದರೆ ದೋಷ ತಟ್ಟುತ್ತಿತ್ತು. ತಲೆಸುತ್ತು ನೈಮಿತ್ತಿಕ, ಕೊಳಾಯಿ ಕೆಟ್ಟಾಗ, ಮೂಟೆ ಇಳಿಸಬೇಕಾದಾಗ, ನೆಂಟರ ಮನೆಗೆ ಹೋಗಬೇಕಾದಾಗ, ಹೀಗೆ ನಿಮಿತ್ತ ಒದಗಿದಾಗ ಮಾತ್ರ ಬರುತ್ತಿತ್ತು. ಎದೆನೋವು ಕಾಮ್ಯ, ನಿರ್ದಿಷ್ಟವಾದ ಫಲವೊಂದನ್ನು ಸಂಕಲ್ಪಿಸಿಯೇ ಅದನ್ನು ಕೈಗೊಳ್ಳುತ್ತಿದ್ದರು, ಫಲವು ಕೈಸೇರಿದೊಡನೆ ವಿಸರ್ಜಿಸುತ್ತಿದ್ದರು.

ಈ ಮೂರಕ್ಕೂ ಮನೆಯವರು ಕಂಡುಕೊಂಡಿದ್ದ ಔಷಧ ಒಂದೇ. ಅದು "ಹೂಂ". ಮಗನು ಪತ್ರಿಕೆಯಿಂದ ತಲೆಯೆತ್ತದೆ ಅದನ್ನು ಹೇಳುತ್ತಿದ್ದನು. ಸೊಸೆ ಪಾತ್ರೆ ತೊಳೆಯುತ್ತ ಹೇಳುತ್ತಿದ್ದಳು. ಅದರಲ್ಲಿ ಕರುಣೆಯಿರಲಿಲ್ಲ, ಕೋಪವೂ ಇರಲಿಲ್ಲ. ಗಡಿಯಾರ ಬಡಿದಾಗ ಮನೆಯವರು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದಿರುವಂತೆ, ಅಷ್ಟೇ.

"ಮನೇಲಿ ರೋಗಿ ಇಟ್ಕೊಂಡು ಬೀದೀಲಿ ರೋಗಿ ಹುಡುಕ್ತಿದೀಯಾ?" ಎಂದರು ಮಾವನವರು. "ಆ ದರ್ಜಿಯೋಳಿಗೆ ಏನ್ ಗೊತ್ತು ನರಳೋದು? ಒಂದು ಸಲ ನೆಟ್ಟಗೆ ಕೆಮ್ಮಿದ್ದು ಕಂಡಿಲ್ಲ ನಾನು."

"ಕಾಯಿಲೆ ಇಲ್ಲದೋರು ಬೇಕಂತೆ ಮಾವ. ಡಾಕ್ಟರ್ ಬರೆದುಕೊಡ್ಬೇಕಂತೆ."

"ಬರೀ ಕಾಗದ. ಆಫೀಸಿನ ಕಾಗದಕ್ಕೂ ನಿಜಕ್ಕೂ ಏನಮ್ಮ ಸಂಬಂಧ? ನಾನು ಉಗ್ರಾಣ ನೋಡ್ಕೊಂಡೋನು."

ಗಂಡನು ಜಗಳವಿಲ್ಲದ ಕಡೆ ವಾಲುವ ಸ್ವಭಾವದವನು. "ಅಪ್ಪನೇ ಬರ್ಲಿ ಬಿಡು. ಅವ್ರಿಗೂ ಒಂದು ಬದಲಾವಣೆ," ಎಂದನು.

ಮಾವನವರ ಉತ್ಸಾಹದ ಬೇರು ಬೇರೆ ಕಡೆಯಿತ್ತು. ಸೊಸೆ ವಾರ್ಡಿಗೆ ಹೋದ ದಿನಗಳಲ್ಲಿ ಅವರು ನರಳಿದರೆ ಗೋಡೆಗಳಷ್ಟೇ ಕೇಳುತ್ತಿದ್ದವು. ಕೇಳುವವರಿಲ್ಲದ ನರಳಿಕೆ ವ್ಯರ್ಥವಾದ ತಪಸ್ಸು. ಸೊಸೆ ಮನೆಯಲ್ಲಿರಬೇಕು, ಇರಬೇಕಾದರೆ ಅವಳು ಪರೀಕ್ಷೆಯಲ್ಲಿ ಸೋಲಬೇಕು. ಅದಕ್ಕೆ ಪರೀಕ್ಷೆಯ ಹಾಸಿಗೆಗಿಂತ ಅನುಕೂಲವಾದ ಸ್ಥಳ ಯಾವುದಿದ್ದೀತು? ಅವಳಿಗೂ ಇದರ ವಾಸನೆ ಬಡಿಯದೆ ಇರಲಿಲ್ಲ. ಆದರೆ ಗಂಡನೂ ಮಾವನೂ ಸೇರಿ ಒಪ್ಪಿಕೊಂಡದ್ದನ್ನು ಬೇಡವೆನ್ನಲು ಕಾರಣ ಕೊಡಬೇಕಾಗುತ್ತಿತ್ತು, ಮತ್ತು ಆ ಕಾರಣವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ವಾಡಿಕೆ ಇರಲಿಲ್ಲ.

ಡಾಕ್ಟರರ ಮುಂದೆ ಮಾವನವರು ಕುಕ್ಕರಗಾಲಿನಲ್ಲಿ ಕುಳಿತು, ಎದ್ದು, ಮತ್ತೆ ಕುಳಿತು, ಒಂದು ಮಂಡಿಯೂ ಲಟಕ್ಕೆನ್ನದಂತೆ ಎದ್ದು ತೋರಿಸಿದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಇದನ್ನು ಕಣ್ತುಂಬ ನೋಡಿದಳು. ಹೊರಗೆ ಬಂದೊಡನೆ ಅವರು ಅವಳ ಭುಜ ಹಿಡಿದು ಕುಂಟತೊಡಗಿದರು.

ವಾರ್ಡಿನ ಹಿರಿಯ ನರ್ಸ್ ಅವಳಿಗೆ ಪರೀಕ್ಷೆಯ ಗುಟ್ಟು ಹೇಳಿಕೊಟ್ಟಿದ್ದರು. "ನೋಡೇ, ಇಲ್ಲಿ ಕೈ ಕೆಲಸ ಮಾಡುತ್ತೆ, ಅಲ್ಲಿ ಬಾಯಿ ಮಾಡ್ಬೇಕು. ಮಾಡಿ ಹೇಳ್ಲಿಲ್ಲ ಅಂದ್ರೆ ನೀನು ಮಾಡ್ಲೇ ಇಲ್ಲ ಅಂತ ಲೆಕ್ಕ. ಹೇಳಿ ಮಾಡ್ಲಿಲ್ಲ ಅಂದ್ರೆ, ಪರೀಕ್ಷೆ ಮಾಡೋರು ಆ ಹೊತ್ತಿಗೆ ಬಿಸ್ಕತ್ತು ತಿಂತಿದ್ರೆ ನಡೆದುಹೋಗುತ್ತೆ. ಆದ್ರೆ ಒಂದು ಮಾತ್ರ ಮರೀಬೇಡ. ರೋಗಿ ನೋವು ಅಂದ್ರೆ ಮಾಡ್ತಿದ್ದ ಕೆಲಸ ಅಲ್ಲೇ ಬಿಡು. ಎಲ್ಲಿ, ಯಾವಾಗಿಂದ, ಎಷ್ಟು ಅಂತ ಕೇಳಿ ವರದಿ ಮಾಡು. ಅದು ತಪ್ಪಿದ್ರೆ ಉಳಿದದ್ದೆಲ್ಲ ಚಿನ್ನದ ಹಾಗಿದ್ರೂ ಫೇಲು."

ಪರೀಕ್ಷೆಯ ಸಭಾಂಗಣದಲ್ಲಿ ಪರದೆಗಳಿಂದ ಬೇರ್ಪಡಿಸಿದ ಹಾಸಿಗೆಗಳಿದ್ದವು. ಪ್ರತಿ ಹಾಸಿಗೆಯ ಬಳಿ ಒಂದು ಬೇಸಿನ್, ಒಂದು ನಲ್ಲಿ, ಕಾಗದ ಬಿಚ್ಚದ ಒಂದು ಸಾಬೂನು. ನಲ್ಲಿಯಲ್ಲಿ ನೀರಿರಲಿಲ್ಲ, ನೀರು ಬರುತ್ತಿದೆಯೆಂದು ಭಾವಿಸತಕ್ಕದ್ದೆಂದು ಅದರ ಮೇಲೆ ಚೀಟಿ ಅಂಟಿಸಿದ್ದರು. ತಟ್ಟಲು ಬಾಗಿಲಿರಲಿಲ್ಲ, ಅದನ್ನೂ ಭಾವಿಸಬೇಕಿತ್ತು. ಕಾಣುವ ಜಗತ್ತು ಮಿಥ್ಯೆಯೆಂದು ಸಾಧಿಸಲು ಹಿಂದಿನವರು ಪಟ್ಟ ಪಾಡೆಲ್ಲ ಅನಗತ್ಯವಾಗಿತ್ತು. ಆ ಸಭಾಂಗಣದಲ್ಲಿ ಒಂದು ಬೆಳಗು ಕಳೆದಿದ್ದರೆ ಸಾಕಿತ್ತು. "ನಾನು ಕೈ ತೊಳೆಯುತ್ತಿದ್ದೇನೆ", "ನಾನು ಬೆರಳ ಸಂದಿಗಳನ್ನು ಉಜ್ಜುತ್ತಿದ್ದೇನೆ" ಎಂದು ಅಭ್ಯರ್ಥಿಗಳು ಒಣ ಕೈಗಳನ್ನು ಹೊಸೆಯುತ್ತ ಉಚ್ಚಸ್ವರದಲ್ಲಿ ಘೋಷಿಸುತ್ತಿದ್ದರು.

ಮಾವನವರ ಎದೆಯ ಮೇಲೆ "ರೋಗಿ" ಎಂದು ಅಚ್ಚಾದ ಬಿಲ್ಲೆ ಹೊಳೆಯುತ್ತಿತ್ತು. ಸರಕಾರದ ಮುದ್ರೆಯೊಡನೆ ತಮ್ಮ ರೋಗಕ್ಕೆ ಮನ್ನಣೆ ದೊರೆತದ್ದು ಅವರ ಜೀವನದಲ್ಲಿ ಇದೇ ಮೊದಲು. "ಆ ಕಡೆ ಹಾಸಿಗೆಯೋನ್ನ ನೋಡು," ಎಂದು ಸೊಸೆಗೆ ಪಿಸುಗುಟ್ಟಿದರು. "ನಗ್ತಾ ಮಲಗಿದಾನೆ. ರೋಗಿ ಅನ್ನೋ ಒಂದು ಗಾಂಭೀರ್ಯವೇ ಇಲ್ಲ."

ಪರೀಕ್ಷಕಿ ಬಂದರು. ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ, ತುಟಿಯಂಚಿನಲ್ಲಿ ಬಿಸ್ಕತ್ತಿನ ಪುಡಿ. "ಶುರು ಮಾಡಿ," ಎಂದರು.

ಸೊಸೆ ಇಲ್ಲದ ಬಾಗಿಲನ್ನು ತಟ್ಟಿದಳು, ಬಾರದ ನೀರಿನಲ್ಲಿ ಕೈ ತೊಳೆದಳು, ವರ್ಷಗಳಿಂದ ಒಂದೇ ಸೂರಿನಡಿ ಬಾಳಿದ ಮಾವನಿಗೆ ತನ್ನ ಪರಿಚಯ ಹೇಳಿಕೊಂಡಳು. ಪರದೆ ಎಳೆದಳು. ಮಂಚದ ಗಾಲಿ ಬಿಗಿದಳು, ಬಿಗಿದೆನೆಂದು ಸಾರಿದಳು. ಎಲ್ಲವೂ ಸುಸೂತ್ರವಾಗಿ ನಡೆಯಿತು. ಪರೀಕ್ಷಕಿಯ ತಲೆ ಮೆಲ್ಲನೆ ಮೇಲೆ ಕೆಳಗೆ ಆಡುತ್ತಿದ್ದುದನ್ನು ಮಾವನವರೂ ಕಂಡರು. ಇನ್ನು ಅವರನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಿದರೆ ಮುಗಿಯಿತು. ಅವಳು ಅವರ ಸೊಂಟಕ್ಕೆ ಆಧಾರದ ಪಟ್ಟಿ ಸುತ್ತುತ್ತಿದ್ದಳು. ಕಾಮ್ಯಕರ್ಮಕ್ಕೆ ಮುಹೂರ್ತ ಒದಗಿತ್ತು.

"ಅಯ್ಯೋ," ಎಂದರು ಮಾವನವರು, "ಎದೆ. ಎದೆ ಹಿಂಡ್ತಿದೆ."

"ಹೂಂ ಮಾವ," ಎಂದು ಸೊಸೆ ಪಟ್ಟಿಯ ಬಿಗಿ ಸರಿಮಾಡಿದಳು.

ಪರೀಕ್ಷಕಿಯ ಲೇಖನಿ ಕಾಗದದ ಮೇಲೆ ಗೀಚಿದ ಸದ್ದು ಅವಳಿಗೆ ಕೇಳಿಸಿತು. ಆ ಸದ್ದಿನಲ್ಲೇ ತಾನು ಹೇಳಿದ್ದೇನೆಂಬುದು ಹೊಳೆಯಿತು. ಅವಳು ಪಟ್ಟಿ ಬಿಟ್ಟು, ಅವರನ್ನು ದಿಂಬಿಗೆ ಒರಗಿಸಿ, ಎಲ್ಲಿ, ಯಾವಾಗಿಂದ, ಎಷ್ಟು ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಕೇಳಿ ವರದಿಯನ್ನೂ ಮಾಡಿದಳು. ಆದರೆ "ಹೂಂ" ಆಗಲೇ ಕಾಗದ ಸೇರಿತ್ತು.

"ನಿಜವಾದ ನೋವಾ, ಅಥವಾ ಸುಮ್ನೆ ಅಭಿನಯ ಮಾಡ್ತಿದೀರಾ?" ಎಂದು ಪರೀಕ್ಷಕಿ ಮಾವನವರನ್ನು ಕೇಳಿದರು.

ಪ್ರಶ್ನೆ ಇಕ್ಕಟ್ಟಿನದಾಗಿತ್ತು. ಅಭಿನಯವೆಂದರೆ ಮಾನ ಹೋಗುತ್ತದೆ. ನಿಜವೆಂದರೆ ಕಾಯಿಲೆಯಿಲ್ಲವೆಂದು ಬರೆಸಿಕೊಟ್ಟ ಕಾಗದ ಸುಳ್ಳಾಗುತ್ತದೆ. ಮಾವನವರು ಮಾನವನ್ನು ಉಳಿಸಿಕೊಂಡರು. "ನಿಜವಾದ್ದೇ," ಎಂದರು.

ಮರುಕ್ಷಣವೇ ಪರದೆಗಳು ಸರಿದು ಸಭಾಂಗಣದ ಅಭ್ಯರ್ಥಿಗಳೆಲ್ಲ ಅವರ ಮೇಲೆ ಮುಗಿಬಿದ್ದರು. ಪರೀಕ್ಷೆಯ ದಿನ ನಿಜವಾದ ರೋಗಿ ಸಿಕ್ಕುವುದು ಪೂರ್ವಜನ್ಮದ ಸುಕೃತ. "ನಾನು ರೋಗಿಯ ತಲೆಗೆ ಆಧಾರ ಕೊಡುತ್ತಿದ್ದೇನೆ!" "ನಾನು ರೋಗಿಗೆ ಧೈರ್ಯ ಹೇಳುತ್ತಿದ್ದೇನೆ!" "ನಾನು ರೋಗಿಯ ಮಾನರಕ್ಷಣೆಗಾಗಿ ಹೊದಿಕೆ ಹೊದಿಸುತ್ತಿದ್ದೇನೆ!" ಎಂದು ಪರೀಕ್ಷಕಿಯ ಕಡೆ ಕಣ್ಣಿಟ್ಟು ಕೂಗುತ್ತ ಅವರನ್ನು ಸ್ಟ್ರೆಚರಿಗೆ ಹಾಕಿದರು.

"ಏ, ಬಿಡ್ರಪ್ಪಾ, ಕಡಿಮೆ ಆಯ್ತು," ಎಂದು ಮಾವನವರು ಹೊದಿಕೆಯೊಳಗಿಂದ ಕೂಗಿದರು.

"ರೋಗಿಯು ಗೊಂದಲದಿಂದ ಮಾತನಾಡುತ್ತಿದ್ದಾರೆ!" ಎಂದು ಯಾರೋ ವರದಿ ಮಾಡಿದರು.

ಎದುರಿನ ಆಸ್ಪತ್ರೆಯಲ್ಲಿ ಅವರ ಎದೆಗೆ ತಂತಿ ಅಂಟಿಸಿ, ತೋಳಿಗೆ ಸೂಜಿ ಚುಚ್ಚಿ, ಸಂಜೆಯವರೆಗೆ ಉಪವಾಸ ಮಲಗಿಸಿದರು. ಕೊನೆಗೆ ವೈದ್ಯರು ಬಂದು, ಇಂಥ ಗಟ್ಟಿಯಾದ ಹೃದಯವನ್ನು ಈ ವಯಸ್ಸಿನಲ್ಲಿ ತಾವು ಕಂಡೇ ಇಲ್ಲವೆಂದು ಬೆನ್ನು ತಟ್ಟಿ ಕಳುಹಿಸಿದರು. ಸೊಸೆಯ ಕೈಗೆ ಫಲಿತಾಂಶ ಬಂದಿತ್ತು: ಅನುತ್ತೀರ್ಣ, ರೋಗಿಯು ನೋವೆಂದಾಗ ಹೂಂ ಎಂದರು.

"ಹೋಗ್ಲಿ ಬಿಡು," ಎಂದನು ಗಂಡ. "ಅಪ್ಪನಿಗೆ ಏನೂ ಆಗಿಲ್ವಲ್ಲ."

"ಅದೇ ನನಗೂ ಬೇಜಾರು," ಎಂದಳು ಅವಳು.

ಹಿರಿಯ ನರ್ಸ್ ನೊಂದುಕೊಂಡರು. "ಮುಂದಿನ ಪರೀಕ್ಷೆವರೆಗೂ ನಿನ್ನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ. ಅದರಾಚೆ ನನ್ನ ಕೈಲಿ ಆಗಲ್ಲ ಕಣೇ," ಎಂದರು. ಸೊಸೆ ತನ್ನ ಚಪ್ಪಲಿಯನ್ನೂ ಏಪ್ರನ್ನನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಮಾವನವರು ಗೆದ್ದಿದ್ದರು. ಮರುದಿನ ಬೆಳಗ್ಗೆ ನಿತ್ಯವಿಧಿಯಂತೆ "ಅಮ್ಮಾ, ಮಂಡಿ" ಎಂದು ನರಳಿ, ಒಳಗಿನಿಂದ ಬರಬೇಕಾದ ಹೂಂಕಾರಕ್ಕಾಗಿ ಕಾದರು. ಹೂಂ ಬರಲಿಲ್ಲ. ಸೊಸೆ ಬಂದಳು. ಏಪ್ರನ್ ತೊಟ್ಟಿದ್ದಳು. ಕೈ ತೊಳೆದುಕೊಂಡಿದ್ದಳು, ನಿಜವಾದ ನೀರಿನಲ್ಲಿ.

"ಎಲ್ಲಿ ಮಾವ? ಯಾವಾಗಿಂದ? ಎಷ್ಟು?"

ಮೊದಲು ಅವರಿಗೆ ಹಿತವೆನಿಸಿತು. ಇಷ್ಟು ವರ್ಷಗಳ ಮೇಲೆ ತಮ್ಮ ವ್ಯಥೆಗೆ ಶ್ರೋತೃ ದೊರೆತಳೆಂದು ವಿಸ್ತಾರವಾಗಿ ಬಣ್ಣಿಸಿದರು. ಸೊಸೆ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದಳು, ಮತ್ತು ಎಲ್ಲವನ್ನೂ ನಂಬಿದಳು. ಅಲ್ಲಿಂದ ಅವರ ಕಷ್ಟ ಮೊದಲಾಯಿತು. ಮಂಡಿನೋವಿನವರು ಮೆಟ್ಟಿಲು ಇಳಿಯಬಾರದೆಂದು ಪರೀಕ್ಷೆಯ ಪಠ್ಯಪುಸ್ತಕ ಹೇಳುತ್ತಿತ್ತು. ಸಂಜೆ ಗೆಳೆಯರ ಜೊತೆಗಿನ ಇಸ್ಪೀಟಾಟ ನಿಂತಿತು. ತಲೆಸುತ್ತಿನವರು ಒಬ್ಬರೇ ಸ್ನಾನದ ಮನೆಗೆ ಹೋಗಬಾರದೆಂದಿತ್ತು. ಬಾಗಿಲಿನ ಚಿಲಕ ತೆಗೆಸಿದಳು. ಎದೆನೋವಿನವರಿಗೆ ಉಪ್ಪು, ಎಣ್ಣೆ, ಸಕ್ಕರೆ, ಬೀಡಿ, ಉದ್ರೇಕಕಾರಿ ಸಂಭಾಷಣೆ ನಿಷಿದ್ಧವಾಗಿದ್ದವು. ಬೇಯಿಸಿದ ತರಕಾರಿ ಬೇಯಿಸಿದ ಸ್ಥಿತಿಯಲ್ಲೇ ತಟ್ಟೆಗೆ ಬಂತು. ಗಾಢನಿದ್ರೆಯಲ್ಲಿ ಎಬ್ಬಿಸಿ ಮಗ್ಗುಲು ಬದಲಿಸಿದಳು, ಹಾಸಿಗೆಹುಣ್ಣು ಆಗಬಾರದಲ್ಲವೆ? ಇಸ್ಪೀಟಿನ ಗೆಳೆಯರು ನೋಡಲು ಬಂದರೆ, "ಅವ್ರಿಗೆ ವಿಶ್ರಾಂತಿ ಬೇಕು," ಎಂದು ಹೊಸ್ತಿಲಿನಲ್ಲೇ ನಿಲ್ಲಿಸಿದಳು. ಇದಿಷ್ಟನ್ನೂ ಅವಳು ಏರುದನಿಯಲ್ಲಿ ಹೇಳುತ್ತಲೇ ಮಾಡಿದಳು, ಅಭ್ಯಾಸ ತಪ್ಪಬಾರದೆಂದು. "ನಾನು ರೋಗಿಯ ಬೀಡಿಯನ್ನು ದೂರ ಇಡುತ್ತಿದ್ದೇನೆ!" ಎಂಬ ಘೋಷಣೆ ಬೀದಿಯ ಆಚೆ ಬದಿಗೂ ಕೇಳುತ್ತಿತ್ತು.

"ಏನೋ ಇದು? ನಿನ್ ಹೆಂಡತಿಗೆ ಸ್ವಲ್ಪ ಹೇಳೋ," ಎಂದು ಮಾವನವರು ಮಗನಿಗೆ ದೂರಿದರು.

"ಎಷ್ಟು ಚೆನ್ನಾಗಿ ನೋಡ್ಕೋತಿದಾಳಲ್ಲಪ್ಪ," ಎಂದು ಮಗ ಪತ್ರಿಕೆ ಮಗುಚಿದನು.

ರೋಗಗಳು ಒಂದೊಂದಾಗಿ ಬಿಟ್ಟುಹೋದವು. ಮೊದಲು ತಲೆಸುತ್ತು, ಆಮೇಲೆ ಎದೆನೋವು, ಕೊನೆಗೆ ಪ್ರಾಣಪ್ರಿಯವಾದ ಮಂಡಿನೋವೂ. ಆದರೆ ರೋಗಿಗಳು ತಮ್ಮ ನೋವನ್ನು ಮುಚ್ಚಿಡುವುದುಂಟೆಂದೂ ಪುಸ್ತಕದಲ್ಲಿತ್ತು; ಆದ್ದರಿಂದ ಚೆನ್ನಾಗಿದ್ದೇನೆಂದಷ್ಟೂ ಆರೈಕೆ ಹೆಚ್ಚಿತು. ಒಂದು ಬೆಳಗ್ಗೆ ಮಾವನವರು ಸೊಸೆ ಕೈ ತೊಳೆಯುತ್ತಿದ್ದ ಸಮಯ ಸಾಧಿಸಿ ಮನೆಯಿಂದ ತಪ್ಪಿಸಿಕೊಂಡು, ಬಸ್ಸಿಗೂ ಕಾಯದೆ ನಡೆದೇ ನೋಂದಣಿ ಕಚೇರಿಗೆ ಹೋದರು. ಕಿಟಕಿಯ ಮುಂದೆ ನಿರಾಯಾಸವಾಗಿ ಬಗ್ಗಿದರು.

"ನನ್ನ ಸೊಸೆ ಮತ್ತೆ ಪರೀಕ್ಷೆಗೆ ಕೂರ್ಬೇಕು. ಬೇಗ."

"ಮರುಪರೀಕ್ಷೆಗೆ ಅದೇ ಅಭ್ಯರ್ಥಿ, ಅದೇ ರೋಗಿ. ಬದಲಾಯಿಸೋ ಹಾಗಿಲ್ಲ," ಎಂದನು ಗುಮಾಸ್ತ. "ರೋಗಿ ಹೇಗಿದಾರೆ?"

"ರೋಗಿ ನಾನೇ. ಕಲ್ಲುಗುಂಡಿನ ಹಾಗಿದೀನಿ."

ಎರಡನೆಯ ಪರೀಕ್ಷೆಯ ದಿನ ಮಾವನವರು ಹಾಸಿಗೆಯ ಮೇಲೆ ಮರದ ಕೊರಡಿನಂತೆ ಮಲಗಿದರು. ಅಂದು ಅಲ್ಲಾಡಬಾರದು, ಉಸಿರೆತ್ತಬಾರದು, ಸೊಸೆ ತೇರ್ಗಡೆಯಾಗಬೇಕು ಎಂದು ನಿಶ್ಚಯಿಸಿಕೊಂಡೇ ಬಂದಿದ್ದರು. ಅದೇ ಪರೀಕ್ಷಕಿ ಬಂದು ಅವರ ಕೈಗೆ ಚಿಕ್ಕ ಚೀಟಿಯೊಂದನ್ನು ಕೊಟ್ಟು, "ಇದನ್ನ ಅಭ್ಯರ್ಥಿಗೆ ತೋರಿಸ್ಬೇಡಿ. ಸಮಯ ನೋಡಿ ಹೇಳಿ," ಎಂದರು. ಹಿಂದಿನ ಸಲದ ಗಲಾಟೆಯ ಮೇಲೆ ಬಂದ ಹೊಸ ವ್ಯವಸ್ಥೆ ಅದು: ಇನ್ನು ಮುಂದೆ ನೋವನ್ನೂ ಕಚೇರಿಯೇ ಒದಗಿಸತಕ್ಕದ್ದು. ಚೀಟಿಯಲ್ಲಿ ಹೀಗಿತ್ತು: ಎಡಮಂಡಿಯಲ್ಲಿ ನೋವಿದೆಯೆಂದು ಹೇಳುವುದು.

ಮಾವನವರು ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡರು. ಮಂಡಿಯೆಂಬ ಶಬ್ದವನ್ನು ಉಚ್ಚರಿಸಿದರೆ ಮನೆಯಲ್ಲಿ ಏನಾಗುತ್ತದೆಂಬುದು ಅವರಿಗೆ ತಿಳಿದಿತ್ತು. ಸೊಸೆ ಬಾಗಿಲು ತಟ್ಟಿದಳು, ಕೈ ತೊಳೆದಳು, ಪರದೆ ಎಳೆದಳು. "ಎಲ್ಲಾದರೂ ನೋವಿದೆಯಾ?" ಎಂದು ಕೇಳಿದಳು.

"ಇಲ್ಲ. ಇಲ್ಲವೇ ಇಲ್ಲ."

ಪರೀಕ್ಷಕಿ ಕೆಮ್ಮಿದರು. "ಯಜಮಾನ್ರೇ, ಚೀಟಿ ಓದಿದ್ರಾ?"

"ಓದಿದೆ. ಅದರಲ್ಲಿರೋದು ಸುಳ್ಳು."

"ಸುಳ್ಳೇ ರೀ! ಅದಕ್ಕೇ ಬರೆದುಕೊಟ್ಟಿರೋದು."

"ನಾನು ಚೆನ್ನಾಗಿದೀನಿ," ಎಂದು ಮಾವನವರು ಕಣ್ಣು ಮುಚ್ಚಿಕೊಂಡರು.

ಪರೀಕ್ಷಕಿ ಸೊಸೆಯ ಕಡೆ ತಿರುಗಿ ಕೈಚೆಲ್ಲಿದರು. "ರೋಗಿ ಬಾಯಿ ಬಿಡ್ಲಿಲ್ಲ ಅಂದ್ರೆ ವರದಿ ಇಲ್ಲ, ವರದಿ ಇಲ್ಲ ಅಂದ್ರೆ ಅಂಕ ಇಲ್ಲಮ್ಮ. ನೀನು ಅವ್ರಿಗೆ ಹೇಳಿಕೊಡೋ ಹಾಗೂ ಇಲ್ಲ. ಧೈರ್ಯ ಬೇಕಾದ್ರೆ ಹೇಳ್ಬಹುದು, ಅಷ್ಟೇ."

ವಾರ್ಡಿನಲ್ಲಿ ಅವಳಿಗಾಗಿ ಖಾಲಿಯಿಟ್ಟಿದ್ದ ಜಾಗ ಇಂದಿನ ನಂತರ ಖಾಲಿ ಉಳಿಯುವುದಿಲ್ಲ. ಸೊಸೆ ಒಂದು ಕ್ಷಣ ಮಂಚದ ಕಂಬಿ ಹಿಡಿದು ನಿಂತಳು. ಅನಂತರ ಮಾವನವರ ದಿಂಬನ್ನು ಸರಿಪಡಿಸಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಎಳೆ ಮಗುವಿನೊಡನೆ ಆಡುವ ದನಿಯಲ್ಲಿ ನುಡಿದಳು: "ನೋವಿಲ್ಲ ಅಂದ್ರೆ ಒಳ್ಳೇದೇ ಮಾವ. ಇನ್ನೇನು ಮುಗಿಸಿ ಮನೆಗೆ ಹೋಗೋಣ. ನಾನು ಇನ್ನೆಲ್ಲೂ ಹೋಗಲ್ಲ. ದಿನಾ ನಿಮ್ಮ ಪಕ್ಕದಲ್ಲೇ ಇದ್ದು ನೋಡ್ಕೋತೀನಿ. ರಾತ್ರೀನೂ."

"ರೋಗಿಗೆ ಧೈರ್ಯ ಹೇಳಿದರು," ಎಂದು ಪರೀಕ್ಷಕಿ ಮೆಚ್ಚುಗೆಯಿಂದ ಗುರುತು ಹಾಕಿದರು.

ಮಾವನವರ ಕಣ್ಣುಗಳು ತೆರೆದವು. ಉಗ್ರಾಣದಲ್ಲಿ ತೂಗಿ ಅಳೆದು ಪಳಗಿದ ಬುದ್ಧಿ ಕ್ಷಣಮಾತ್ರದಲ್ಲಿ ಎರಡು ಕಡೆಯನ್ನೂ ತೂಗಿತು. "ಮಂಡಿ!" ಎಂದು ಅವರು ಅರಚಿದರು. "ಅಯ್ಯೋ, ಎಡಮಂಡಿ! ಸತ್ತೆ! ಸೊಂಟ! ಬೆನ್ನು! ಕತ್ತಿನ ನರ!"

"ಚೀಟೀಲಿ ಮಂಡಿ ಒಂದೇ ಇರೋದು," ಎಂದರು ಪರೀಕ್ಷಕಿ.

"ಒಂದು ಸಾಲದಿದ್ರೆ ಅಂತ, ಮೇಡಂ! ಎಷ್ಟು ಬೇಕೋ ಬರ್ಕೊಳ್ಳಿ!"

ಸೊಸೆ ಮಾಡುತ್ತಿದ್ದುದನ್ನು ಅಲ್ಲಿಗೇ ಬಿಟ್ಟಳು. ಎಡಮಂಡಿಯಿಂದ ಕತ್ತಿನ ನರದವರೆಗೆ ಒಂದೊಂದನ್ನೂ ಎಲ್ಲಿ, ಯಾವಾಗಿಂದ, ಎಷ್ಟು ಎಂದು ವಿಚಾರಿಸಿದಳು. ಒಂದೊಂದನ್ನೂ ಸ್ಪಷ್ಟವಾದ ದನಿಯಲ್ಲಿ ವರದಿ ಮಾಡಿದಳು. ಅಕ್ಕಪಕ್ಕದ ಹಾಸಿಗೆಗಳ ಆರೋಗ್ಯವಂತ ರೋಗಿಗಳು ಪರದೆ ಸರಿಸಿ ಬೆರಗಿನಿಂದ ನೋಡುತ್ತಿದ್ದರು. ಪರೀಕ್ಷಕಿ ಹಾಳೆ ತಿರುಗಿಸಿ ಬರೆದು, ಕೊನೆಗೆ ಸಹಿ ಹಾಕಿ, "ಪಾಸಮ್ಮ," ಎಂದರು. ಸೊಸೆಗಿಂತ ಮೊದಲು ಮಾವನವರ ಕಣ್ಣಲ್ಲಿ ನೀರು ಬಂತು.

ಪ್ರಮಾಣಪತ್ರ ಕೈಸೇರಿದ ಬೆಳಗ್ಗೆ ಅವಳು ವಾರ್ಡಿಗೆ ಹೊರಟಾಗ ಮಾವನವರು ಜಗಲಿಯ ಮೇಲೆ ನಿಂತಿದ್ದರು.

"ಸಂಜೆ ಬೇಗ ಬರ್ಲಾ ಮಾವ?" ಎಂದು ಚೀಲವನ್ನು ಹೆಗಲಿಗೇರಿಸುತ್ತ ಅವಳು ಕೇಳಿದಳು.

"ಅಯ್ಯೋ, ಏನವಸರ? ನಿಧಾನಕ್ಕೆ ಬಾಮ್ಮ. ಅಲ್ಲಿ ಪಾಪ, ಎಷ್ಟೊಂದು ಜನ ಕಾಯಿಲೆಯೋರಿದಾರೆ."

ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ, ಎಲ್ಲಿ ಹಿಂದಿರುಗಿ ನೋಡಿಬಿಡುತ್ತಾಳೋ ಎಂಬ ಅಂಜಿಕೆಯಿಂದ, ಅವರು ಎರಡು ಮಂಡಿಗಳ ಮೇಲೂ ಸಮನಾಗಿ ಭಾರ ಹಾಕಿ ನೆಟ್ಟಗೆ ನಿಂತಿದ್ದರು. ಅವಳು ನೋಡಲಿಲ್ಲ. ಬಸ್ಸು ಬಂದಿತ್ತು; ಓಡಿದಳು.